ಅಧ್ಯಕ್ಷರ ಹಿನ್ನೋಟದಲ್ಲಿ ಮುಂದಿನ ತಾರೀಖು ಎಲ್ಲಿ?

ಶಹಾಪುರದ ಓದುಗ ವಕೀಲ ಸಾಹೇಬರಿಗೆ, ಶರಣು.

ನಿಮ್ಮ ಪತ್ರ ಉದ್ದವಾಗಿದೆ, ಖಾರವಾಗಿಯೂ ಇದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಆದ್ದರಿಂದ ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಹೇಳುತ್ತೇನೆ. ನಮ್ಮ ಭಾಗದ ಒಂದು ವಕೀಲರ ಸಂಘದ ಅಧ್ಯಕ್ಷರು ಅವಧಿ ಮುಗಿಯುವ ಹೊತ್ತಿಗೆ ಬರೆದ ವರ್ಷದ ಹಿನ್ನೋಟವನ್ನು ಡಿಸೆಂಬರ್ ಸಂಚಿಕೆಯ ಎರಡು ಪುಟಗಳಲ್ಲಿ ಹಾಕಿದ್ದೆವು. ಅದನ್ನು ಓದಿ ನಿಮಗೆ ಸಿಟ್ಟು ಬಂದಿದೆ. ‘ಮನವಿ ಕೊಟ್ಟೆವು, ಸನ್ಮಾನ ಮಾಡಿದೆವು, ಶಿಬಿರ ನಡೆಸಿದೆವು ಅಂತಾರ. ಇದರಾಗ ವಕೀಲಿ ಎಲ್ಲದರೀ?’ ಎಂದು ಕೇಳಿದ್ದೀರಿ. ಕಲಾಪ ಬಹಿಷ್ಕರಿಸಿದ ದಿನಗಳ ಸುದ್ದಿಯೇ ಇಲ್ಲ, ಜೂನಿಯರ್‌ಗಳ ಪ್ರಸ್ತಾಪವಿಲ್ಲ, ಇರುವುದು ಕ್ಷೇಮನಿಧಿ ಅರ್ಜಿ ತುಂಬಿಸಿದ ಬಡಾಯಿ ಮಾತ್ರ. ವರ್ಷಕ್ಕೊಮ್ಮೆ ಬದಲಾಗುವ ಅಧ್ಯಕ್ಷರಿಂದ ಯಾವ ಕೆಲಸವೂ ಆಗದು ಎಂಬುದು ನಿಮ್ಮ ವಾದ. ಜೊತೆಗೆ, ಇದು ಪತ್ರಿಕೆಯೋ ಸಂಘದ ನೋಟಿಸ್ ಬೋರ್ಡೋ ಎಂಬ ಪ್ರಶ್ನೆ.

ಕ್ಷೇಮನಿಧಿಯ ಮಾತಿನಲ್ಲಿ ನೀವು ಅಧ್ಯಕ್ಷರಿಗೆ ಅನ್ಯಾಯ ಮಾಡಿದ್ದೀರಿ. ಕರ್ನಾಟಕ ವಕೀಲರ ಕ್ಷೇಮನಿಧಿ ಕಾಯ್ದೆ 1983ರದ್ದು. ವಕಾಲತ್ತಿಗೆ ಸ್ಟಾಂಪು ಎಲ್ಲರೂ ಹಚ್ಚುತ್ತಾರೆ, ಆದರೆ ನಿಧಿಯ ಸದಸ್ಯರಾಗಲು ಬೇರೆಯೇ ಅರ್ಜಿ ಹಾಕಬೇಕು, ನಾಮಿನಿಯ ಹೆಸರು ಬರೆಯಬೇಕು. ಊರಿನವರ ಮೃತ್ಯುಪತ್ರ ಬರೆದುಕೊಡುವ ವಕೀಲರೇ ತಮ್ಮ ನಾಮಿನಿಯ ಕಾಲಂ ಖಾಲಿ ಬಿಟ್ಟಿರುತ್ತಾರೆ. ಮನೆಯ ಯಜಮಾನ ತೀರಿಕೊಂಡ ಮೇಲೆ ಹೆಂಡತಿ ಸಂಘದ ಕಚೇರಿಗೆ ಬಂದು ‘ಏನರೆ ಬರ್ತದೇನ್ರೀ?’ ಎಂದು ಕೇಳಿದಾಗಲೇ ಆ ಖಾಲಿ ಕಾಲಮಿನ ಬೆಲೆ ತಿಳಿಯುವುದು. ಸದಸ್ಯರ ಬೆನ್ನು ಹತ್ತಿ ಫಾರ್ಮು ತುಂಬಿಸುವುದು ಫೋಟೋಕ್ಕೆ ಸಿಗುವ ಕೆಲಸವಲ್ಲ. ಅದನ್ನು ಮಾಡಿದವರು ಒಂದು ಪ್ಯಾರಾ ಹೇಳಿಕೊಂಡರೆ ಹೇಳಿಕೊಳ್ಳಲಿ ಬಿಡಿ.

ಬಹಿಷ್ಕಾರದ ವಿಷಯದಲ್ಲಿ ನಾನು ನಿಮ್ಮ ಕಡೆಗೆ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ ಎಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲೇ ಹೇಳಿ ಆಗಿದೆ. ಅಪರೂಪದಲ್ಲಿ ಅಪರೂಪದ ಸಂದರ್ಭಕ್ಕೆ ಒಂದು ದಿನದ ಮಟ್ಟಿಗೆ ಕಣ್ಣು ಮುಚ್ಚಿಕೊಳ್ಳಬಹುದು, ಅಷ್ಟೇ. ವಕೀಲರ ಮೇಲೆ ಹಲ್ಲೆಯಾದಾಗ ಬರುವ ಸಿಟ್ಟು ನ್ಯಾಯವಾದದ್ದು. ವಕೀಲರ ಮೇಲಿನ ಹಿಂಸೆ ತಡೆಯುವ ಮಸೂದೆ 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸಾದದ್ದರ ಹಿಂದೆ ಆ ಸಿಟ್ಟಿನ ಒತ್ತಡ ಇತ್ತು. ಆದರೆ ಎಲ್ಲೋ ದೂರದ ರಾಜ್ಯದ ಘಟನೆಗೆ ಇಲ್ಲಿ ಕೆಂಪು ಪಟ್ಟಿ ಕಟ್ಟಿಕೊಂಡು ಹೊರಗೆ ನಿಂತರೆ ಪೆಟ್ಟು ಬೀಳುವುದು ಚಿಂಚೋಳಿಯಿಂದಲೋ ಸುರಪುರದಿಂದಲೋ ಬಂದ ಕಕ್ಷಿದಾರನಿಗೆ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಬಂದಿರುತ್ತಾನೆ. (ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ ಆಯಿತು ನಿಜ, ಕಳೆದುಕೊಂಡ ಕೂಲಿಯನ್ನು ಯಾವ ಕಂಡಕ್ಟರೂ ತುಂಬಿಕೊಡುವುದಿಲ್ಲ.) ಎಷ್ಟು ದಿನ ಕಲಾಪದಿಂದ ದೂರ ಉಳಿದೆವು, ಪ್ರತಿ ಸಲದ ಕಾರಣ ಏನಿತ್ತು ಎಂದು ಅಧ್ಯಕ್ಷರು ಒಂದು ಸಾಲು ಬರೆಯಬೇಕಿತ್ತು.

ಇನ್ನು ಒಂದು ವರ್ಷದಲ್ಲಿ ಏನೂ ಆಗದು ಎಂಬ ಮಾತು. ಕಲಬುರಗಿಯ ಹೈಕೋರ್ಟ್ ಪೀಠವನ್ನೇ ನೋಡಿ. 2008ರ ಜುಲೈಗೆ ಮೊದಲು ಬೀದರಿನ ಕಕ್ಷಿದಾರ ಒಂದು ರಿಟ್ ಅರ್ಜಿಗಾಗಿ ರಾತ್ರಿಯೆಲ್ಲ ಕೂತು ಬೆಂಗಳೂರು ಸೇರಬೇಕಿತ್ತು. ಆ ಜುಲೈನಲ್ಲಿ ಧಾರವಾಡದ ಜೊತೆಗೆ ಇಲ್ಲಿಗೂ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಇವತ್ತು ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಕೇಸುಗಳು ಇಲ್ಲೇ ನಡೆಯುತ್ತವೆ. ಇದಕ್ಕಾಗಿ ವಕೀಲರು ಕೂಗಿದ್ದು ದಶಕಗಳ ಕಾಲ. ಆ ದಶಕಗಳಲ್ಲಿ ಬಂದುಹೋದ ಅಧ್ಯಕ್ಷರ ಹಿನ್ನೋಟಗಳಲ್ಲೆಲ್ಲ ‘ಈ ವರ್ಷವೂ ಪೀಠ ಬರಲಿಲ್ಲ’ ಎಂಬ ಸಾಲು ಇದ್ದಿರಲೇಬೇಕು. ಅವರನ್ನು ಕೈಲಾಗದವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರವರ ವರ್ಷದಲ್ಲಿ ಕಡತವನ್ನು ಒಂದು ಗೇಣು ಮುಂದೆ ತಳ್ಳಿ, ಮುಂದಿನವರ ಕೈಗೆ ಕೊಟ್ಟು ಹೋದರು.

ನನ್ನ ತಕರಾರು ಇರುವುದು ಈ ಕೈಗೆ ಕೊಡುವ ಜಾಗದಲ್ಲಿ. ಕೇಸು ಮುಗಿಯಲಿಲ್ಲ ಎಂದರೆ ಮುಂದಿನ ತಾರೀಖು ಯಾವುದು, ಸಾಕ್ಷಿಗೆ ಇದೆಯೋ ವಾದಕ್ಕೆ ಇದೆಯೋ ಎಂದು ಡೈರಿಯಲ್ಲಿ ಬರೆದುಕೊಳ್ಳದೆ ಯಾವ ವಕೀಲರೂ ಕೋರ್ಟ್ ಹಾಲಿನಿಂದ ಹೊರಗೆ ಬರುವುದಿಲ್ಲ. ಅದೇ ವಕೀಲರು ಸಂಘದ ವರ್ಷ ಮುಗಿಸುವಾಗ ಹಂತವನ್ನೂ ಬರೆಯುವುದಿಲ್ಲ, ತಾರೀಖನ್ನೂ ಬರೆಯುವುದಿಲ್ಲ. ಮನವಿ ಕೊಟ್ಟೆವು ಎನ್ನುತ್ತಾರೆ. ಯಾರಿಗೆ? ಉತ್ತರ ಬಂತೇ? ಕಡತ ಈಗ ಯಾವ ಮೇಜಿನ ಮೇಲಿದೆ? ಹೊಸ ಅಧ್ಯಕ್ಷರು ಬಂದು ಅದೇ ಮನವಿಯನ್ನು ಹೊಸ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ, ಅದೇ ಸಾಹೇಬರಿಗೆ ಕೊಟ್ಟು, ಹೊಸ ಫೋಟೋ ತೆಗೆಸುತ್ತಾರೆ. ಸಾಧನೆಯ ಪಟ್ಟಿ ಬೇಡವೆಂದಲ್ಲ, ಅದರ ಕೆಳಗೆ ಬಾಕಿಯ ಪಟ್ಟಿ ಇರಲಿ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಜಿಲ್ಲಾ ವಕೀಲರ ಸಂಘಗಳಲ್ಲಿ ಖಜಾಂಚಿ ಸ್ಥಾನವನ್ನೂ ಆಡಳಿತ ಮಂಡಳಿಯಲ್ಲಿ ಶೇ 30ರಷ್ಟು ಸ್ಥಾನಗಳನ್ನೂ ಮಹಿಳೆಯರಿಗೆ ಮೀಸಲಿಡಲು ಹೇಳಿತು. ಲೆಕ್ಕದ ಪುಸ್ತಕ ಹೊಸ ಕೈಗೆ ಹೋಗುವ ಈ ಹೊತ್ತಿಗಿಂತ ಒಳ್ಳೆಯ ಮುಹೂರ್ತ ಬೇರೆ ಬೇಕೆ?

ಜೂನಿಯರ್‌ಗಳ ಪ್ರಸ್ತಾಪವೇ ಇಲ್ಲ ಎಂದಿರಿ. ಎರಡನೇ ಪುಟದ ಕೆಳಗಿನ ಪ್ಯಾರಾ ಇನ್ನೊಮ್ಮೆ ಓದಿ. ಕಿರಿಯ ವಕೀಲರಿಗೆ ನಗರದಲ್ಲಾದರೆ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಾದರೆ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತ್ತು. ಇದನ್ನು ಸರ್ವಸದಸ್ಯರ ಸಭೆಯಲ್ಲಿ ಎತ್ತಿದಾಗ ಮುಂದಿನ ಸಾಲಿನಲ್ಲಿ ನಗು ಕೇಳಿತು, ಮಾತು ಪಾರ್ಕಿಂಗ್ ಕಡೆಗೆ ಹೊರಳಿತು ಎಂದು ಅಧ್ಯಕ್ಷರು ಬರೆದಿದ್ದಾರೆ. ಹಿರಿಯರಿಗೆ ಮುಜುಗರವಾಗುವ ಈ ನಾಲ್ಕು ಸಾಲಿಗಾಗಿಯೇ ನಾವು ಎರಡು ಪುಟ ಕೊಟ್ಟದ್ದು. ನೋಟಿಸ್ ಬೋರ್ಡಿನಲ್ಲಿ ಇಂಥದ್ದು ಬರುವುದಿಲ್ಲ. ಹಿರಿಯರ ಕಡೆಯಿಂದಲೂ ಒಂದು ಮಾತಿದೆ: ತಾಲ್ಲೂಕಿನ ಸೀನಿಯರ್ ಜೀವನಾಂಶ, ಹೊಲದ ಬದುವಿನ ಕೇಸುಗಳನ್ನು ಸುಗ್ಗಿಯ ಮೇಲೆ ಕೊಡುವ ಕರಾರಿನಲ್ಲಿ ಹಿಡಿದಿರುತ್ತಾರೆ, ಅವರ ಕೈಯಲ್ಲೇ ಹದಿನೈದು ಸಾವಿರ ಆಡದ ತಿಂಗಳುಗಳಿವೆ. ಹಾಗಿದ್ದರೆ ಎಷ್ಟು ಕೊಡಬಲ್ಲೆವು ಎಂದಾದರೂ ಸಭೆ ತೀರ್ಮಾನಿಸಬೇಕಿತ್ತು. ಪೆಟ್ರೋಲು ಮತ್ತು ಚಹಾದ ಖರ್ಚಿನಲ್ಲಿ ಐದು ವರ್ಷ ದೂಡಲು ಅಪ್ಪನ ಹೊಲ ಇದ್ದವರಿಗಷ್ಟೇ ಸಾಧ್ಯ.

ನೀವೂ ಕೇಳದ, ಅಧ್ಯಕ್ಷರೂ ಬರೆಯದ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಕಲಬುರಗಿ ಸುತ್ತಲಿನ ನಮ್ಮ ಜಿಲ್ಲೆಗಳು 1948ರವರೆಗೆ ಹೈದರಾಬಾದ್ ನಿಜಾಮರ ಕೈಯಲ್ಲಿದ್ದವು. ಆ ಕಾಲದ ಹೊಲದ ಕಾಗದಗಳು ಉರ್ದುವಿನಲ್ಲಿವೆ, ಅದೂ ಓಟದ ಶಿಕಸ್ತಾ ಬರಹದಲ್ಲಿ. ಮನೆಯಲ್ಲಿ ಉರ್ದು ಆಡುವ, ಅಚ್ಚಿನ ಉರ್ದು ಓದುವ ಹುಡುಗರೂ ಇದರ ಮುಂದೆ ತಡವರಿಸುತ್ತಾರೆ. ಇಸವಿಯೂ ಆಗಿನ ಕಂದಾಯದ ವರ್ಷವಾದ ಫಸಲಿಯಲ್ಲಿ. 1317 ಫಸಲಿಯ ಹೈದರಾಬಾದ್ ಭೂಕಂದಾಯ ಕಾಯ್ದೆ ಎಂದರೆ 590 ಕೂಡಿಸಿಕೊಂಡು 1907 ಎಂದು ತಿಳಿಯಬೇಕು. 1950ರ ಹೈದರಾಬಾದ್ ಗೇಣಿ ಕಾಯ್ದೆಯ ಎಳೆ ಹಿಡಿದು ಇವತ್ತಿಗೂ ದಾವೆಗಳು ಬರುತ್ತವೆ, ಕಾಗದ ಹಾಜರಾಗುತ್ತದೆ, ಓದುವವರು ಸಿಗುವುದಿಲ್ಲ. ಇದನ್ನು ಬಲ್ಲ ಹಳೆಯ ಮುನ್ಷಿಗಳು, ನಿವೃತ್ತ ಕಂದಾಯ ನೌಕರರು ಇನ್ನೂ ಕೆಲವರಿದ್ದಾರೆ. ಅವರನ್ನು ಕರೆಸಿ, ಶನಿವಾರ ಮಧ್ಯಾಹ್ನ ಸಂಘದ ಗ್ರಂಥಾಲಯದಲ್ಲಿ ಹತ್ತು ಜೂನಿಯರ್‌ಗಳನ್ನು ಎದುರಿಗೆ ಕೂರಿಸಲು ಯಾವ ಮಂತ್ರಿಗೂ ಮನವಿ ಕೊಡಬೇಕಿಲ್ಲ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂದಾಗ ಉಪನ್ಯಾಸಗಳಿಗೇನೂ ಬರವಿರಲಿಲ್ಲ. ಕೊಲೆಯ 302 ಈಗ 103, ವಂಚನೆಯ 420 ಈಗ 318 ಎಂಬುದನ್ನು ಮೊಬೈಲೂ ಹೇಳಿಕೊಡುತ್ತದೆ. ಶಿಕಸ್ತಾ ಓದುವುದನ್ನು ಮನುಷ್ಯರೇ ಕಲಿಸಬೇಕು.

ಬೇಸಿಗೆಯಲ್ಲಿ ಕರಿ ಕೋಟಿನಿಂದ ಬಿಡುಗಡೆ ಕೊಡಿಸಿದ್ದನ್ನು ಅಧ್ಯಕ್ಷರು ಸಾಧನೆ ಎಂದದ್ದಕ್ಕೆ ನೀವು ನಕ್ಕಿದ್ದೀರಿ. ನಾನೂ ನಕ್ಕೆ. ಹೈಕೋರ್ಟು, ಸುಪ್ರೀಂ ಕೋರ್ಟು ಬಿಟ್ಟರೆ ಬೇಸಿಗೆಯಲ್ಲಿ ಕೋಟು ಕಡ್ಡಾಯವಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲೇ ಇದೆ. ಆದರೂ ನಮ್ಮ ಮೇ ತಿಂಗಳ ಬಿಸಿಲು ಕಂಡವರು ಜೋರಾಗಿ ನಗಬಾರದು.

ಅಧ್ಯಕ್ಷರಿಗೆ ನಿಮ್ಮ ಪತ್ರದ ಪ್ರತಿ ಕಳಿಸಿ, ಬಾಕಿ ಕೆಲಸಗಳ ಪಟ್ಟಿ ಕೇಳಿದ್ದೇವೆ. ಬಂದರೆ ಅಧ್ಯಕ್ಷರ ಫೋಟೋ ಇಲ್ಲದೆ ಪ್ರಕಟಿಸುತ್ತೇವೆ. ನಿಮ್ಮ ಪತ್ರದ ವರಸೆ ನೋಡಿದರೆ ಮುಂದಿನ ಚುನಾವಣೆಗೆ ನೀವೇ ನಿಲ್ಲುವ ಹಾಗಿದೆ. ನಿಲ್ಲಿ. ನಮ್ಮ ಜಾಹೀರಾತಿನ ದರ ಹಾಲಿ, ಮಾಜಿ, ಭಾವಿ ಅಧ್ಯಕ್ಷರಿಗೆಲ್ಲ ಒಂದೇ, ಹಣ ಮುಂಗಡ.

— ಸಂಪಾದಕ