ಬಂಡೆ ಸವೆಯೋದಕ್ಕೂ ಹಳೆಯ ಹವಾಮಾನಕ್ಕೂ ಇರುವ ನಂಟು ಸಮುದ್ರದ ಕೆಸರಿನಲ್ಲಿ ಹೇಗೆ ಗೊತ್ತಾಗುತ್ತದೆ?

ಚಿಕ್ಕಬಳ್ಳಾಪುರದ ಕಡೆ ಬಾವಿ ತೋಡುವಾಗ ನೋಡಿರುತ್ತೀರಿ. ಮೇಲೆ ಕೆಂಪು ಮಣ್ಣು, ಅದರಡಿ ಕೈಯಲ್ಲೇ ಪುಡಿಯಾಗುವ ಕಲ್ಲು, ಆಮೇಲೆ ಗಟ್ಟಿ ಬಂಡೆ. ಆ ಪುಡಿಕಲ್ಲಿನಲ್ಲಿ ಬಿಳಿ ಹಿಟ್ಟಿನಂತೆ ಕಾಣುವುದು ಸಾಮಾನ್ಯವಾಗಿ ಕೊಳೆತ ಫೆಲ್ಡ್‌ಸ್ಪಾರ್, ಅಂದರೆ ಬಂಡೆಯಲ್ಲಿರುವ ಒಂದು ಖನಿಜ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕೊಂಚ ಹುಳಿಯಾಗಿರುತ್ತದೆ. ಅದು ಕಲ್ಲಿನ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕರಗಿಸಿ ಒಯ್ಯುತ್ತದೆ. ಅಲ್ಯೂಮಿನಿಯಂ ಮಾತ್ರ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ, ಜೇಡಿಯಾಗಿ ಉಳಿಯುತ್ತದೆ. ಬಿಸಿಲು, ಮಳೆ ಎರಡೂ ಜಾಸ್ತಿ ಇದ್ದರೆ ಈ ಕೆಲಸ ಚುರುಕು.

ಈ ಜೇಡಿ ನದಿ ಹಿಡಿದು ಕಡಲಿಗೆ ಹೋಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೂ ನೆಲ್ಲೂರು ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. (ನಮ್ಮ ಕಡೆ ಅದರಲ್ಲಿ ನೀರು ಕಾಣುವುದೇ ಅಪರೂಪ, ಅದು ಬೇರೆ ಕಥೆ.)

ಕಡಲ ತಳದಲ್ಲಿ ಕೆಸರು ಪದರ ಪದರವಾಗಿ ಕೂರುತ್ತದೆ. ಮಜಾ ಇರುವುದು ಇಲ್ಲೇ. ಒಂದೇ ಪದರದಲ್ಲಿ ನೆಲದ ಜೇಡಿಯೂ ಇರುತ್ತದೆ, ಫೊರಾಮಿನಿಫೆರಾ ಎಂಬ ಪುಟ್ಟ ಜೀವಿಗಳ ಚಿಪ್ಪೂ ಇರುತ್ತದೆ. ಚಿಪ್ಪಿನ ಆಕ್ಸಿಜನ್ ಐಸೊಟೋಪ್‌ಗಳು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಆಗಿನ ನೀರಿನ ತಾಪ, ಉಪ್ಪಿನಂಶದ ಸುಳಿವು ಕೊಡುತ್ತವೆ. ಜೇಡಿಯಲ್ಲಿ ಅಲ್ಯೂಮಿನಿಯಂಗೆ ಹೋಲಿಸಿದರೆ ಪೊಟ್ಯಾಸಿಯಂ ಕಡಿಮೆ ಇದ್ದರೆ ಬಂಡೆ ಚೆನ್ನಾಗಿ ಸವೆದಿತ್ತು ಎಂದು ಅಂದಾಜು. ಹವಾಮಾನ, ಸವೆತ ಎರಡೂ ಒಟ್ಟಿಗೇ ಸಿಕ್ಕಿದ ಹಾಗಾಯ್ತಲ್ವಾ?

ಆದರೆ ಸುಮ್ನೆ ನಂಬುವಂತಿಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರ 120 ಮೀಟರ್‌ನಷ್ಟು ಕೆಳಗಿತ್ತು. ನದಿಯ ಬಾಯಿಯೇ ದೂರ ಸರಿದಾಗ ಬರುವ ಮಣ್ಣೂ ಬದಲಾಗುತ್ತದೆ. ಅದಕ್ಕೇ ಮಣ್ಣು ಯಾವ ಸೀಮೆಯದು ಎಂದು ಸ್ಟ್ರಾನ್ಷಿಯಂ, ನಿಯೋಡೈಮಿಯಂ ಎಂಬ ಧಾತುಗಳ ಐಸೊಟೋಪ್ ನೋಡಿ ಮೊದಲು ಗುರುತಿಸುತ್ತಾರೆ.