ಯಾರಿಗೆ ಮೆಮೊ ಕೊಟ್ಟಿರೋ ಅವರ ಮನೆಗೇ ಮೊದಲು ಹೋಗಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ 33 ವರ್ಷ ದುಡಿದೆ. ಲೇತ್ (ಲೋಹ ಕಡೆಯುವ ಯಂತ್ರ) ಆಪರೇಟರ್ ಆಗಿ ಸೇರಿದೆ, ಕೊನೆಯ 12 ವರ್ಷ ಸೂಪರ್‌ವೈಸರ್ ಆಗಿದ್ದೆ. ನಿವೃತ್ತಿಯಾಗಿ ಎರಡು ವರ್ಷ ಆಯಿತು. ಮೊದಲು ಮೂರು ತಿಂಗಳು ದಿನಾ ಯಾರಾದರೂ ಫೋನ್ ಮಾಡುತ್ತಿದ್ದರು. ಈಗ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ, ರಾತ್ರಿ ದೇವರ ಚಿತ್ರ, ಅಷ್ಟೇ. ನಮ್ಮ ಕಂಪನಿಯ ನಿವೃತ್ತರ ಕೂಟ ಎರಡು ತಿಂಗಳಿಗೊಮ್ಮೆ ಸೇರುತ್ತದೆ. ಒಂದು ಸಲ ಹೋಗಿದ್ದೆ. ಭಾಷಣ ಆಯಿತು, ಪೆನ್ಷನ್ ಮಾತು ಆಯಿತು, ಊಟ ಆಯಿತು. ಹಿಂದೆ ನಾನು ಮೆಮೊ (ತಪ್ಪಿಗೆ ಲಿಖಿತ ಎಚ್ಚರಿಕೆ) ಕೊಟ್ಟಿದ್ದ ಒಬ್ಬರು ನನ್ನನ್ನು ನೋಡಿ ಎದ್ದು ಬೇರೆ ಸಾಲಿಗೆ ಹೋಗಿ ಕೂತರು. ಆಮೇಲೆ ಹೋಗಲು ಮನಸ್ಸೇ ಬರುತ್ತಿಲ್ಲ. ಬೆಳಿಗ್ಗೆ ಐದೂವರೆಗೆ ಈಗಲೂ ಎಚ್ಚರ ಆಗುತ್ತದೆ. ಎದ್ದು ಎಲ್ಲಿಗೂ ಹೋಗುವುದಿಲ್ಲ. ಏನು ಮಾಡಲಿ?
ಓದುಗರೊಬ್ಬರು, ನಾಗಸಂದ್ರ, ಬೆಂಗಳೂರು

ಉತ್ತರ: ಐದೂವರೆಗೆ ಎಚ್ಚರ ಆಗುತ್ತದೆ ಅಂದಿರಲ್ಲ, ಅಲ್ಲಿಗೆ ಬಂದಾಗ ನಿಮ್ಮ ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಗೆ ಸೇರಿದ್ದು 1976ರಲ್ಲಿ. ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡಿದ್ದು 2002ರಲ್ಲಿ. ಬಿಟ್ಟು ಎಷ್ಟೋ ವರ್ಷವಾದ ಮೇಲೂ ಫ್ಯಾಕ್ಟರಿ ಬಸ್ ತಪ್ಪಿಹೋಯಿತು ಅಂತ ಕನಸು ಬಿದ್ದು ಎದ್ದು ಕೂತಿದ್ದೇನೆ. ಹಾಗಾಗಿ ನಿಮಗೆ ಆಗುತ್ತಿರುವುದು ಏನು ಅಂತ ನನಗೆ ಚೆನ್ನಾಗಿ ಗೊತ್ತು.

ಮೊದಲು ನನ್ನ ಕೆಲಸದ ವಿಷಯ ಸ್ವಲ್ಪ ಹೇಳುತ್ತೇನೆ, ಆಗ ನನ್ನ ಮಾತು ಅರ್ಥವಾಗುತ್ತದೆ. ನಾನಿದ್ದಿದ್ದು ಅಸೆಂಬ್ಲಿಯಲ್ಲಿ. ಮೈಮೇಲೆ ಬಿಳಿ ಕೋಟು, ಕಣ್ಣಿಗೆ ಲೂಪ್ ಅನ್ನುವ ಭೂತಗನ್ನಡಿ, ಕೈಯಲ್ಲಿ ಚಿಮಟ. ಜನತಾ ಅಂತ ಕೈಯಲ್ಲಿ ಕೀ ಕೊಡುವ ವಾಚು ಬರುತ್ತಿತ್ತಲ್ಲ, ಅದರೊಳಗೆ 17 ಜ್ಯುವೆಲ್ ಇರುತ್ತವೆ. ಸಾಸಿವೆಗಿಂತ ಚಿಕ್ಕ ಕಲ್ಲುಗಳು. ಹೇರ್‌ಸ್ಪ್ರಿಂಗ್ ಅನ್ನುವ ಕೂದಲೆಳೆಯಂಥ ಸ್ಪ್ರಿಂಗ್ ಅಂತೂ ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಂಥದ್ದು. ತಲೆ ಎತ್ತಿ ಮಾತಾಡುವ ಹಾಗಿರಲಿಲ್ಲ. ನನ್ನ ಎಡಗಡೆ ಕೂರುತ್ತಿದ್ದವರ ಮುಖವನ್ನು ನಾನು ಕ್ಯಾಂಟೀನಿನಲ್ಲಿ ನೋಡಿದ್ದೇ ಜಾಸ್ತಿ. ಬೆಂಚಿನಲ್ಲಿ ಕಾಣುತ್ತಿದ್ದಿದ್ದು ಅವರ ಕೈ ಮಾತ್ರ. ಆದರೆ ಆ ಕೈ ನಡುಗಿದರೆ ಮನೆಯಲ್ಲಿ ಏನೋ ಆಗಿದೆ ಅಂತ ಗೊತ್ತಾಗುತ್ತಿತ್ತು. ಚಿಮಟ ಹಿಡಿಯುವ ರೀತಿ ನೋಡಿಯೇ ಇವತ್ತು ಮನಸ್ಸು ಸರಿಯಿಲ್ಲ ಅಂತ ಹೇಳಬಹುದಿತ್ತು. ನನಗೆ ಎರಡನೇ ಮಗು ಅಂತ ನನ್ನ ಅತ್ತೆಗಿಂತ ಮೊದಲು ಅವರಿಗೇ ಗೊತ್ತಾಯಿತು!

ಅಂದರೆ ನಮ್ಮ ಸ್ನೇಹ ಎದುರುಬದುರು ಕೂತು ಮಾತಾಡಿ ಆಗಿದ್ದಲ್ಲ. ಅಕ್ಕಪಕ್ಕ ಕೂತು ಕೆಲಸ ಮಾಡಿ ಆಗಿದ್ದು. ನಿಮ್ಮದೂ ಹಾಗೇ ಅಲ್ವಾ? ಇಬ್ಬರು ಸೇರಿ ಕಡೆಯಬೇಕಾದ ಒಂದು ಭಾರದ ತುಂಡು ಎತ್ತಿ ಲೇತ್‌ನ ಹಿಡಿತಕ್ಕೆ (ಚಕ್‌ಗೆ) ಕೂರಿಸುವಾಗ ಆದ ಪರಿಚಯ. ಈಗ ಅದೇ ಜನರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕೂರಿಸಿ ವೇದಿಕೆ ನೋಡಿ ಅಂದರೆ ಏನು ಮಾತಾಡುತ್ತಾರೆ? ಬಿಪಿ ಎಷ್ಟು, ಶುಗರ್ ಎಷ್ಟು ಅಂತ ಕೇಳಿ ಮುಗಿಸುತ್ತಾರೆ. ನಿಮ್ಮ ಕೂಟದಲ್ಲಿ ಜನ ಇದ್ದಾರೆ, ಅವರ ನಡುವೆ ಕೆಲಸ ಇಲ್ಲ. ನೀವು ಮತ್ತೆ ಹೋಗಿ. ಆದರೆ ಈ ಸಲ ಹೋಗುವಾಗ ಒಂದು ಕೆಲಸ ಹಿಡಿದುಕೊಂಡು ಹೋಗಿ.

ಕೆಲಸ ಯಾವುದು ಅಂತ ನಾನೇ ಹೇಳುತ್ತೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ಬರುವುದು ಪಿಎಫ್‌ನ ಇಪಿಎಸ್-95 (1995ರ ನೌಕರರ ಪಿಂಚಣಿ ಯೋಜನೆ) ಪೆನ್ಷನ್. ಅದು ನಿಲ್ಲದೆ ಬರಬೇಕಾದರೆ ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್, ಅಂದರೆ ಬದುಕಿದ್ದೇವೆ ಅನ್ನುವ ಪ್ರಮಾಣಪತ್ರ, ಕೊಡಬೇಕು. ನವೆಂಬರ್‌ನಲ್ಲೇ ಕೊಡಬೇಕು ಅಂತ ಎಷ್ಟೋ ಜನ ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಾರೆ. ಇಪಿಎಸ್‌ನವರಿಗೆ ಆ ಕಟ್ಟು ಇಲ್ಲ. ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಇನ್ನು ಈ ಸರ್ಟಿಫಿಕೇಟಿಗಾಗಿ ಯಂತ್ರದ ಮೇಲೆ ಒತ್ತುವ ಬೆರಳಿನ ಗುರುತು. ಲೇತ್‌ನಲ್ಲಿ ಮೂವತ್ತು ವರ್ಷ ದುಡಿದವರ ಬೆರಳಿನ ಗೆರೆ ಸವೆದುಹೋಗಿರುತ್ತದೆ, ಯಂತ್ರ ಹಿಡಿಯುವುದೇ ಇಲ್ಲ. ಅವರು ಮತ್ತೆ ಮತ್ತೆ ಒತ್ತಿ, ಆಗದೆ, ತಲೆ ತಗ್ಗಿಸಿ ವಾಪಸ್ ಬರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದುಡಿದು ಸವೆದ ಬೆರಳು ಅದು. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಮುಗಿಸಬಹುದು. ಜೀವನ್ ಪ್ರಮಾಣ್ ಆ್ಯಪ್ ಒಂದು, ಅದರ ಜೊತೆ ಆಧಾರ್‌ನ ಫೇಸ್ ಆರ್‌ಡಿ ಅನ್ನುವ ಆ್ಯಪ್ ಇನ್ನೊಂದು ಹಾಕಿಕೊಳ್ಳಬೇಕು. ಆಧಾರ್ ನಂಬರ್, ಪಿಪಿಒ (ಪೆನ್ಷನ್ ಆದೇಶ) ನಂಬರ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಬರುವ ಮೊಬೈಲ್, ಇಷ್ಟು ಕೈಯಲ್ಲಿದ್ದರೆ ಸಾಕು.

ಮೊದಲು ನಿಮ್ಮದು ನೀವೇ ಮಾಡಿ ಕಲಿಯಿರಿ. ಆಮೇಲೆ ಕೂಟದ ದಿನ ಬೆಳಕಿರುವ ಒಂದು ಕಿಟಕಿಯ ಹತ್ತಿರ ಎರಡು ಕುರ್ಚಿ ಹಾಕಿಕೊಂಡು ಕೂತುಬಿಡಿ. ಎದುರುಬದುರು ಬೇಡ, ಅಕ್ಕಪಕ್ಕ. ಒಬ್ಬೊಬ್ಬರನ್ನೇ ಕರೆಯಿರಿ. ಕನ್ನಡಕ ತೆಗೆಯಿರಿ, ಫೋನ್ ಸ್ವಲ್ಪ ಎತ್ತಿ, ಕಣ್ಣು ಮಿಟುಕಿಸಿ ಅಂತ ಹೇಳುತ್ತಾ ಇರುವಾಗಲೇ ಅವರ ಮನೆ ಕಥೆ ತಾನಾಗಿ ಹೊರಗೆ ಬರುತ್ತದೆ. ನಮ್ಮ ವಾಚ್ ಫ್ಯಾಕ್ಟರಿಯವರ ಕೂಟದಲ್ಲಿ ಈಗ 41 ಜನ ಇದ್ದೇವೆ. ಒಬ್ಬರ ಸೊಸೆ ಮನೆ ಬಿಟ್ಟುಹೋಗಿದ್ದು, ಇನ್ನೊಬ್ಬರಿಗೆ ರಾತ್ರಿ ಕಣ್ಣು ಕಾಣದೇ ಇರುವುದು, ಎಲ್ಲ ನನಗೆ ಗೊತ್ತಾಗಿದ್ದು ಇಂಥ ಕುರ್ಚಿಯಲ್ಲೇ. ವಾಟ್ಸಾಪಿನಲ್ಲಿ ಆ ಇಬ್ಬರೂ ದಿನಾ ಹೂವಿನ ಚಿತ್ರ ಕಳಿಸುತ್ತಲೇ ಇದ್ದರು.

ಈಗ ಮೆಮೊ ವಿಷಯ. ಇದನ್ನು ಕೂಟದಲ್ಲಿ ಸರಿ ಮಾಡಲು ಹೋಗಬೇಡಿ. ನಾಲ್ಕು ಜನರ ಮುಂದೆ ಕೈ ಹಿಡಿದರೆ ಅವರು ನಗಲೇಬೇಕಾಗುತ್ತದೆ, ಅದು ಅವರಿಗೆ ಇನ್ನೊಂದು ಶಿಕ್ಷೆ. ಅವರ ಮನೆಗೆ ಹೋಗಿ. ಫೋನ್ ಮಾಡಿ ಕೇಳಿಯೇ ಹೋಗಿ.

ನನ್ನದೂ ಒಂದು ಇದೆ. ಕೊನೆಯ ಕೆಲವು ವರ್ಷ ನಾನು ಬೇರೆಯವರು ಜೋಡಿಸಿದ್ದನ್ನು ಚೆಕಿಂಗ್ ಮಾಡುತ್ತಿದ್ದೆ. ಹೊಸದಾಗಿ ಬಂದಿದ್ದ ಒಂದು ಹುಡುಗಿಯ ಟ್ರೇಯನ್ನು ಒಂದೇ ದಿನ ಮೂರು ಸಲ ವಾಪಸ್ ಕಳಿಸಿದೆ. ಮೂರನೇ ಸಲ ಎಲ್ಲರಿಗೂ ಕೇಳುವ ಹಾಗೆ ಬೈದೆ. ಅವಳು ಲೂಪ್ ತೆಗೆಯದೆ, ತಲೆ ತಗ್ಗಿಸಿಕೊಂಡೇ ಅತ್ತಳು. ಕೆಲಸ ಬಿಟ್ಟು ಹತ್ತು ವರ್ಷವಾದ ಮೇಲೆ ಒಂದು ದಿನ ಅವಳ ಮನೆ ಹುಡುಕಿಕೊಂಡು ಲಗ್ಗೆರೆಗೆ ಹೋದೆ. ಅವತ್ತಿನ ಕೆಲಸ ಸರಿ ಇರಲಿಲ್ಲ, ಅದಕ್ಕೇ ವಾಪಸ್ ಮಾಡಿದೆ ಅಂತ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಹೇಳಿದ್ದು ಇಷ್ಟು: "ಟ್ರೇ ವಾಪಸ್ ಮಾಡಿದ್ದು ಸರೀನೇ ಅಕ್ಕ. ನನ್ನ ಕೈ ಅವತ್ತು ನಡುಗುತ್ತಿತ್ತು. ಹಿಂದಿನ ರಾತ್ರಿ ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ್ವಿ. ನೀವು ಯಾಕೆ ಅಂತ ಒಂದು ಮಾತು ಕೇಳಲಿಲ್ಲ."

ಪಕ್ಕದವರ ಕೈ ನೋಡಿ ಮನಸ್ಸು ತಿಳಿದುಕೊಳ್ಳುತ್ತಿದ್ದವಳು ನಾನು. ಅವಳ ಕೈ ನೋಡಲಿಲ್ಲ, ಬರೀ ಟ್ರೇ ನೋಡಿದೆ. ಜೋಡಿಸಿಕೊಂಡು ಹೋಗಿದ್ದ ಒಂದು ಮಾತೂ ಆಡಲಿಲ್ಲ. ತಪ್ಪಾಯಿತು ಕಣೇ ಅಂದೆ. ಕಾಫಿ ಮಾಡಿ ಕೊಟ್ಟಳು. ಈಗ ಕೂಟದ ಲೆಕ್ಕ ಬರೆಯುವವಳು ಅವಳೇ.

ಹಾಗಾಗಿ ನೀವು ಅವರ ಮನೆಗೆ ಹೋದಾಗ ಮೆಮೊ ಯಾಕೆ ಕೊಡಬೇಕಾಯಿತು ಅಂತ ವಿವರಿಸಬೇಡಿ. ನಿಯಮ ಏನಿತ್ತು, ಮೇಲಿನವರು ಏನಂದರು, ಯಾವುದೂ ಬೇಡ. ಅವತ್ತು ನಿಮಗೆ ಏನಾಗಿತ್ತು ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಅವರು ಬಾಗಿಲಲ್ಲೇ ಮಾತು ಮುಗಿಸಿದರೆ ನಮಸ್ಕಾರ ಹೇಳಿ ಬಂದುಬಿಡಿ. ಬೇಜಾರಾಗಬೇಡಿ, ಇನ್ನೊಂದು ಹಬ್ಬಕ್ಕೆ ಮತ್ತೆ ಫೋನ್ ಮಾಡಿ.

ಇನ್ನೊಂದು ಮಾತು. ಪ್ರವಾಸ ಹೋಗುವುದಾದರೆ ಬರೀ ದೇವಸ್ಥಾನಕ್ಕೇ ಅಂತ ಇಟ್ಟುಕೊಳ್ಳಬೇಡಿ, ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಕಡೆಗೂ ಹೋಗಿ. ನಾವು ಏಳು ಜನ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಹೋಗಿದ್ದೆವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಶುರುವಾದ ವಾಚ್ ಫ್ಯಾಕ್ಟರಿ ನಮ್ಮದು. ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಆ ಸುದ್ದಿ ಬಂದ ದಿನ ನಾವು ಫೋನಿನಲ್ಲೂ ಜಾಸ್ತಿ ಮಾತಾಡಿರಲಿಲ್ಲ. ಆದರೆ ಗಾಜಿನ ಹಿಂದೆ ಹಳೆಯ ವಾಚುಗಳನ್ನು ನೋಡಿದ್ದೇ ತಡ, ಎಲ್ಲರಿಗೂ ಒಟ್ಟಿಗೆ ಬಾಯಿ ಬಂತು. ಇದರ ಮುಳ್ಳು ಕೂರಿಸುವಾಗ ಹೇಗೆ ಜಾರುತ್ತಿತ್ತು, ಮದುವೆ ಸೀಸನ್ನಿನಲ್ಲಿ ಕಾಂಚನ ವಾಚಿಗಾಗಿ ನೆಂಟರೆಲ್ಲ ಹೇಗೆ ಗಂಟುಬೀಳುತ್ತಿದ್ದರು ಅಂತ. ಮೂರು ವರ್ಷದಿಂದ ಕೂಟದಲ್ಲಿ ಒಂದು ಮಾತೂ ಆಡದ ಒಬ್ಬರು ಅವತ್ತು ನಿಲ್ಲಿಸಲೇ ಇಲ್ಲ.

ಪ್ರಶ್ನೆ: ನಮ್ಮ ಯಜಮಾನರು ಒಂದು ಕಾರ್ಖಾನೆಯ ನಿವೃತ್ತರ ಸಂಘದಲ್ಲಿ ಒಂಬತ್ತು ವರ್ಷ ಇದ್ದರು. ಕಳೆದ ವರ್ಷ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಇಪ್ಪತ್ತು ಜನ ಬಂದಿದ್ದರು. ಮರುವಾರ ಅವರ ನಂಬರನ್ನು ಗುಂಪಿನಿಂದ ತೆಗೆದರು. ಆ ಫೋನ್ ಈಗ ನನ್ನ ಹತ್ತಿರವೇ ಇದೆ, ತೆಗೆದಿದ್ದು ನನಗೆ ಕಾಣಿಸಿತು. ಸಂಘದ ಪ್ರವಾಸಕ್ಕೆ ನಾನೂ ಹೋಗುತ್ತಿದ್ದೆ. ಆ ಹೆಂಗಸರೆಲ್ಲ ಗೊತ್ತು. ನಾನು ಇನ್ನು ಹೋಗಬಹುದಾ? ಏನಂತ ಹೇಳಿಕೊಂಡು ಹೋಗಲಿ?
ಓದುಗರು, ತುಮಕೂರು

ಉತ್ತರ: ಹೋಗಿ ತಾಯಿ, ಖಂಡಿತ ಹೋಗಿ. ಏನಂತ ಹೋಗಲಿ ಅಂತ ಕೇಳಿದ್ದೀರಿ. ಅವರು ಫಸ್ಟ್ ಶಿಫ್ಟಿಗೆ ಹೋಗುವಾಗ ನಾಲ್ಕೂವರೆಗೆ ಎದ್ದು ಬುತ್ತಿ ಕಟ್ಟಿದವರು ಯಾರು? ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದಾಗ ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಂಡವರು ಯಾರು? ಆ ಕಾರ್ಖಾನೆಯ ಲೆಕ್ಕದಲ್ಲಿ ನೀವೂ ಇದ್ದೀರಿ.

ನಂಬರ್ ತೆಗೆದವರು ಕೆಟ್ಟ ಮನಸ್ಸಿನಿಂದ ತೆಗೆದಿರಲಾರರು. ಸತ್ತವರ ಹೆಸರು ನೋಡಿದರೆ ಸಂಕಟ ಆಗುತ್ತದೆ ಅಂತ ತೆಗೆದಿರಬಹುದು. ಆದರೂ ಅದು ತಪ್ಪು ಅಂತಲೇ ಹೇಳುತ್ತೇನೆ. ನಮ್ಮ ಕೂಟದ ಪುಸ್ತಕದಲ್ಲಿ ಯಾರ ಹೆಸರನ್ನೂ ಹೊಡೆದುಹಾಕುವುದಿಲ್ಲ. ತೀರಿಕೊಂಡವರ ಹೆಸರಿನ ಪಕ್ಕದಲ್ಲೇ ಹೆಂಡತಿ ಅಥವಾ ಗಂಡನ ಹೆಸರು, ನಂಬರ್ ಬರೆಯುತ್ತೇವೆ. ನಿಮ್ಮ ಸಂಘದ ಕಾರ್ಯದರ್ಶಿಗೆ ನೀವೇ ಫೋನ್ ಮಾಡಿ, ಇನ್ನು ಮೇಲೆ ಈ ನಂಬರಿಗೇ ಕರೆಯಿರಿ ಅಂತ ಹೇಳಿ. ಹೇಳಲು ಸಂಕೋಚ ಆದರೆ ಈ ಪುಟವನ್ನೇ ತೋರಿಸಿ. ಸಂಘ ನಡೆಸುವವರು ಇದನ್ನು ಓದುತ್ತಿದ್ದರೆ ನಿಮ್ಮಲ್ಲೂ ಕೇಳಿಕೊಳ್ಳುತ್ತೇನೆ: ಹದಿಮೂರನೇ ದಿನ ಇಪ್ಪತ್ತು ಜನ ಹೋಗುವುದು ದೊಡ್ಡದಲ್ಲ. ನಾಲ್ಕನೇ ತಿಂಗಳು ಇಬ್ಬರು ಹೋಗಿ. ಅಷ್ಟು ಹೊತ್ತಿಗೆ ನೆಂಟರೆಲ್ಲ ಬರುವುದು ನಿಲ್ಲಿಸಿರುತ್ತಾರೆ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಅವರಿಗೆ ಪಿಎಫ್ ಪೆನ್ಷನ್ ಬರುತ್ತಿತ್ತಾ? ಬರುತ್ತಿದ್ದರೆ ಈಗ ಅದರ ಅರ್ಧ ನಿಮಗೆ ಬರಬೇಕು. ಅರ್ಧ ಎಷ್ಟೇ ಕಡಿಮೆ ಆದರೂ ತಿಂಗಳಿಗೆ 1000 ರೂಪಾಯಿಗಿಂತ ಕೆಳಗೆ ಇಳಿಯುವ ಹಾಗಿಲ್ಲ, 2014ರಿಂದ ಆ ನಿಯಮ ಇದೆ. ಮರಣ ಪ್ರಮಾಣಪತ್ರ, ಅವರ ಪಿಪಿಒ, ನಿಮ್ಮ ಆಧಾರ್, ನಿಮ್ಮ ಹೆಸರಿನ ಪಾಸ್‌ಬುಕ್ ತೆಗೆದುಕೊಂಡು ಪಿಎಫ್ ಕಚೇರಿಗೆ ಹೋಗಿ. ಒಬ್ಬರೇ ಹೋಗಬೇಡಿ. ಸಂಘದ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಫಾರಂ ಗೊತ್ತಿರುತ್ತದೆ, ನಿಮಗೂ ಒಂದು ಜೊತೆ ಇರುತ್ತದೆ. ಆಯಿತೋ ಇಲ್ಲವೋ ಅಂತ ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಾವು ಹದಿನೈದು ಜನ, ಮುಚ್ಚಿಹೋದ ಒಂದು ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಒಂದು ಸಂಘ ಮಾಡೋಣ ಅಂತಿದ್ದೇವೆ. ರಿಜಿಸ್ಟರ್ ಮಾಡಿಸಲೇಬೇಕಾ?
ಓದುಗರು, ದಾವಣಗೆರೆ

ಉತ್ತರ: ಮಾಡಿಸಲೇಬೇಕು ಅಂತಿಲ್ಲ. ಮಾಡಿಸುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಆಮೇಲೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಎಲ್ಲ ತಪ್ಪದೆ ನೋಡಿಕೊಳ್ಳಬೇಕು. ಸಂಘದ ಹೆಸರಿನಲ್ಲಿ ದುಡ್ಡು ಕೂಡಿಡುವ ಯೋಚನೆ ಇದ್ದರೆ ಮಾಡಿಸಿ. ಮೊದಲು ಆರು ತಿಂಗಳು ಹಾಗೇ ಸೇರಿ. ಅಧ್ಯಕ್ಷರು ಯಾರು ಅನ್ನುವ ಮಾತು ಈಗಲೇ ಎತ್ತಬೇಡಿ, ಎಷ್ಟೋ ಕೂಟಗಳು ಅಲ್ಲೇ ಒಡೆದಿವೆ. ಯಾರದಾದರೂ ಮನೆ ಜಗಲಿ ಆಗುತ್ತದೆ, ಬೆಣ್ಣೆ ದೋಸೆ ಹೋಟೆಲ್ಲೂ ಆಗುತ್ತದೆ. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊದಲ ದಿನ ಎಲ್ಲರಿಗೂ ಅವರವರ ಮಿಲ್ಲಿನ ಟೋಕನ್ ನಂಬರ್ (ಹಾಜರಿ ನಂಬರ್) ಹೇಳಲು ಹೇಳಿ. ಪಕ್ಕದಲ್ಲಿ ಮಿಲ್ಲಿನ ಯಾವ ವಿಭಾಗ, ಯಾವ ಶಿಫ್ಟ್, ಈಗಿನ ಮನೆ ಎಲ್ಲಿ, ಮಕ್ಕಳ ಫೋನ್ ನಂಬರ್ ಬರೆಯಿರಿ. ಆಮೇಲೆ, ನಿಮ್ಮ ಜೊತೆ ಇದ್ದು ಈಗ ಇಲ್ಲಿಗೆ ಬಾರದೇ ಇರುವವರು ಯಾರು ಅಂತ ಕೇಳಿ, ಅವರ ಹೆಸರನ್ನೂ ಬರೆದುಕೊಳ್ಳಿ. ಹದಿನೈದು ಜನರಲ್ಲಿ ಯಾರಾದರೂ ಒಬ್ಬರಿಗೆ ಅವರ ಮನೆ ಗೊತ್ತಿರುತ್ತದೆ.