ಮೌನವಾಗಿದ್ದವನೆಲ್ಲ ಡಾರ್ಸಿಯಲ್ಲ

ಪ್ರಶ್ನೆ: ನನಗೆ 27 ವರ್ಷ. ಧಾರವಾಡದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎಂ.ಎ. ಓದುವಾಗಿನಿಂದಲೂ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರಿಜುಡೀಸ್’ ನನಗೆ ಅಚ್ಚುಮೆಚ್ಚು. ಗೆಳತಿಯರು ಸೇರಿದಾಗಲೆಲ್ಲ ಅದರಲ್ಲಿನ ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂದು ವಾದಿಸುತ್ತೇವೆ. ಈಗ ಆ ವಾದವೇ ನನ್ನ ತಲೆ ಕೆಡಿಸಿದೆ. ಎರಡು ಸಂಬಂಧಗಳು ಬಂದಿವೆ. ಗದಗಿನ ಹುಡುಗ ಬ್ಯಾಂಕಿನಲ್ಲಿದ್ದಾನೆ. ನಗುನಗುತ್ತ ಮಾತನಾಡುತ್ತಾನೆ, ಮನೆಯವರಿಗೆಲ್ಲ ಹಿಡಿಸಿದ್ದಾನೆ. ಮದುವೆಯಾದ ಮೇಲೆ ನೌಕರಿ ಮುಂದುವರಿಸಲೇ ಎಂದು ಕೇಳಿದರೆ, ‘ಅಣ್ಣ, ವೈನಿ ಹೇಗೆ ಹೇಳುತ್ತಾರೋ ಹಾಗೆ’ ಎಂದ. ಹಾವೇರಿಯ ಹುಡುಗ ಎಂಜಿನಿಯರ್. ಕನ್ಯೆ ನೋಡಲು ಬಂದ ದಿನ ಅವಲಕ್ಕಿಯ ತಟ್ಟೆ ಮುಟ್ಟಲಿಲ್ಲ, ಮೊಬೈಲ್ ನೋಡುತ್ತ ಕುಳಿತಿದ್ದ. ‘ಖಾಸಗಿ ಶಾಲೆಯಲ್ಲಿ ಪಗಾರ ಎಷ್ಟು ಕೊಡುತ್ತಾರೆ’ ಎಂದಷ್ಟೇ ಕೇಳಿದ. ಬೇಡವೆಂದು ಹೇಳಿ ಕಳಿಸಿದೆವು. ಈಗ ಗೆಳತಿಯರು, ‘ಅವನೇ ನಿನ್ನ ಡಾರ್ಸಿ, ಸಿಹಿ ಮಾತಿನವನು ವಿಕ್‌ಹ್ಯಾಮ್’ ಎನ್ನುತ್ತಿದ್ದಾರೆ. ಆ ಕಾದಂಬರಿಯಲ್ಲಿ ಡಾರ್ಸಿ ಮೊದಲು ಬಿಗುಮಾನದವನಾಗಿ ಕಂಡರೂ ಕೊನೆಗೆ ನಾಯಕಿ ಎಲಿಜಬೆತ್‌ಳ ಕೈಹಿಡಿಯುವವನು, ವಿಕ್‌ಹ್ಯಾಮ್ ಸಿಹಿ ಮಾತಿನ ವಂಚಕ. ಇನ್ನೊಮ್ಮೆ ಕೇಳಿ ನೋಡೋಣ ಎಂದು ಹಾವೇರಿಯವನ ಸೋದರಮಾವ ಹೊರಟಾಗ, ‘ಅವರು ಬೇಡ ಎಂದಿದ್ದಾರೆ, ಮತ್ತೆ ಒತ್ತಾಯಿಸಬೇಡಿ’ ಎಂದು ಅವನೇ ತಡೆದನಂತೆ. ನಮ್ಮ ಫೋಟೋ, ಜಾತಕಗಳನ್ನೂ ಮರಳಿಸಿದ್ದಾರೆ. ನಾನು ಯಾರನ್ನು ಒಪ್ಪಿಕೊಳ್ಳಲಿ?
— ಸಪ್ತಾಪುರದ ಓದುಗಿ

ಉತ್ತರ: ತಂಗಿ, ಕಾದಂಬರಿಯ ಪಾತ್ರಗಳನ್ನು ವರಗಳಂತೆ ತೂಗಿ ನೋಡುವುದು ತಪ್ಪೇನಲ್ಲ. 1813ರಲ್ಲಿ ಈ ಪುಸ್ತಕ ಹೊರಬಂದಾಗ ಅದರ ಲೇಖಕಿ ಕೇಳುತ್ತಿದ್ದುದೂ ಅದನ್ನೇ: ಒಬ್ಬ ಗಂಡಸನ್ನು ಹೆಣ್ಣು ಹೇಗೆ ಅರಿಯಬೇಕು? ಆದರೆ ನಿಮ್ಮ ಗೆಳತಿಯರು ಅರ್ಧ ಪುಸ್ತಕವನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ.

ಮೊದಲ ನೃತ್ಯಕೂಟದಲ್ಲಿ ಎಲಿಜಬೆತ್‌ಳ ಕಿವಿಗೆ ಬೀಳುವಂತೆಯೇ, ತನ್ನ ಮನಸ್ಸನ್ನು ಸೆಳೆಯುವಷ್ಟು ಚೆಲುವು ಈಕೆಗಿಲ್ಲ ಎನ್ನುತ್ತಾನಲ್ಲ, ಆ ಡಾರ್ಸಿಯನ್ನು ಯಾವ ಹೆಣ್ಣೂ ಕಟ್ಟಿಕೊಳ್ಳಬೇಕಾಗಿಲ್ಲ. ಎಲಿಜಬೆತ್ ಕಟ್ಟಿಕೊಳ್ಳುವುದೂ ಇಲ್ಲ. ವರ್ಷಕ್ಕೆ 10,000 ಪೌಂಡ್ ವರಮಾನದ ಮನುಷ್ಯ ಮದುವೆಯಾಗು ಎಂದು ಕೇಳಲು ಬಂದು, ಅದೇ ಉಸಿರಿನಲ್ಲಿ ಅವಳ ಮನೆತನ ತನಗಿಂತ ಕೀಳು ಎಂದೂ ಹೇಳುತ್ತಾನೆ. ಆಗ ಅವಳ ಪಾಲಿಗೆ ಏನಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ತಾಯಿಯ ಕಾಲಾನಂತರ ಸಿಗಬಹುದಾದ 1,000 ಪೌಂಡ್ ಮಾತ್ರ. ತಂದೆಯ ಆಸ್ತಿ ಗಂಡು ವಾರಸುದಾರನಾದ ನೆಂಟ ಕಾಲಿನ್ಸ್‌ಗೆ ಹೋಗುವುದಿತ್ತು. ಆದರೂ ಬೇಡ ಎಂದಳು. ಒರಟುತನದ ಒಳಗೆ ಚಿನ್ನ ಅಡಗಿರುತ್ತದೆ ಎಂದು ಈ ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಈ ನಂಬಿಕೆ ಹೊತ್ತು, ಸಿಡುಕನೊಬ್ಬನ ಮನಸ್ಸು ಇಂದು ಕರಗೀತು ನಾಳೆ ಕರಗೀತು ಎಂದು ಕಾಯುತ್ತ ಬದುಕು ಸವೆಸಿದ ಹೆಣ್ಣುಮಕ್ಕಳ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಅದಕ್ಕೇ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ.

ಡಾರ್ಸಿ ವರನಾಗಲು ಯೋಗ್ಯನಾಗುವುದು ‘ಬೇಡ’ ಎನಿಸಿಕೊಂಡ ಮೇಲೆ. ಮರುದಿನ ಬೆಳಿಗ್ಗೆ ಅವನು ಒಂದು ಪತ್ರ ಕೊಡುತ್ತಾನೆ. ಮದುವೆಯ ಮಾತನ್ನು ಇದರಲ್ಲಿ ಮತ್ತೆ ಎತ್ತಿಲ್ಲ, ಗಾಬರಿಯಾಗಬೇಡಿ ಎಂದೇ ಆ ಪತ್ರ ಆರಂಭವಾಗುತ್ತದೆ. ತನ್ನ ಮೇಲೆ ಅವಳು ಹೊರಿಸಿದ ಎರಡು ಆರೋಪಗಳಿಗೆ ಉತ್ತರ ಕೊಟ್ಟು, ಒಳಿತನ್ನು ಹಾರೈಸಿ ಮುಗಿಸುತ್ತಾನೆ. ತಿಂಗಳುಗಳ ನಂತರ ಅವಳ ತಂಗಿ ಲಿಡಿಯಾ ವಿಕ್‌ಹ್ಯಾಮ್‌ನೊಂದಿಗೆ ಓಡಿಹೋದಾಗ ಲಂಡನ್ನಿನಲ್ಲಿ ಅವರನ್ನು ಹುಡುಕಿ, ವಿಕ್‌ಹ್ಯಾಮ್‌ನ ಸಾಲ ತೀರಿಸಿ ಮದುವೆ ಮಾಡಿಸುತ್ತಾನೆ. ಆ ವಿಷಯ ಎಲಿಜಬೆತ್‌ಗೆ ತಿಳಿಯಬಾರದು ಎಂದೂ ಬಯಸುತ್ತಾನೆ. ಎರಡನೆಯ ಬಾರಿ ಕೇಳುವಾಗ, ನೀವು ಒಂದು ಮಾತು ಹೇಳಿದರೆ ಸಾಕು, ಈ ವಿಷಯವನ್ನು ಇನ್ನೆಂದೂ ಎತ್ತುವುದಿಲ್ಲ ಎನ್ನುತ್ತಾನೆ. ನನಗೆ ಇಡೀ ಪುಸ್ತಕದಲ್ಲಿ ಪ್ರಿಯವಾದ ಮಾತು ಇದು. ಬೇಡ ಎಂಬುದನ್ನು ಕೇಳಿಸಿಕೊಳ್ಳಲಾರದ ಗಂಡಸರು ಏನು ಮಾಡಬಲ್ಲರು ಎಂಬುದನ್ನು ಹುಬ್ಬಳ್ಳಿ–ಧಾರವಾಡದ ನಾವು ಪತ್ರಿಕೆಗಳಲ್ಲಿ ಓದಿ ನಡುಗಿದ್ದೇವೆ.

ಕಾಲಿನ್ಸ್‌ನನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎಲಿಜಬೆತ್ ಎಷ್ಟು ಸ್ಪಷ್ಟವಾಗಿ ನಿರಾಕರಿಸಿದರೂ, ಮನಸ್ಸಿನಲ್ಲಿ ಒಪ್ಪಿಗೆಯಿಟ್ಟುಕೊಂಡು ಬಾಯಲ್ಲಿ ಬೇಡ ಎನ್ನುವುದು ಹೆಂಗಸರ ವಾಡಿಕೆ ಎಂದು ಅವಳಿಗೇ ವಿವರಿಸುತ್ತಾನೆ. ಮೂರು ದಿನಗಳೊಳಗೆ ಅವಳ ಗೆಳತಿ ಶಾರ್ಲೆಟ್‌ಳನ್ನು ಕೇಳಿ ಒಪ್ಪಿಸಿಯೂ ಬಿಡುತ್ತಾನೆ. ಶಾರ್ಲೆಟ್‌ಗೂ ನಿಮ್ಮಷ್ಟೇ ವಯಸ್ಸು, 27. ಅವಳನ್ನು ನಾನು ಹಳಿಯಲಾರೆ. ದುಡಿಮೆಯ ದಾರಿ, ಸ್ವಂತ ಹಣ ಎರಡೂ ಇಲ್ಲದ ಹೆಣ್ಣಿಗೆ ಆಗ ಮದುವೆಯೊಂದೇ ಆಸರೆಯಾಗಿತ್ತು. ನಿಮಗೆ ಎಂ.ಎ. ಪದವಿ ಇದೆ, ಪಾಠ ಮಾಡುವ ಕೆಲಸವಿದೆ, ಸಣ್ಣದೇ ಇರಲಿ ಪಗಾರವಿದೆ. ವಯಸ್ಸಾಯಿತು ಎಂದು ಮನೆಯಲ್ಲಿ ಯಾರು ಎಷ್ಟೇ ಅವಸರಪಡಿಸಿದರೂ ಶಾರ್ಲೆಟ್‌ಳ ಅಂಜಿಕೆಯನ್ನು ನೀವು ಹೊರಬೇಕಾಗಿಲ್ಲ.

ಇನ್ನು ಗದಗಿನವರು. ಸಿಹಿಯಾಗಿ ಮಾತನಾಡಿದ ಮಾತ್ರಕ್ಕೆ ಅವರನ್ನು ವಿಕ್‌ಹ್ಯಾಮ್ ಎನ್ನುವುದು ಅನ್ಯಾಯ. ವಿಕ್‌ಹ್ಯಾಮ್‌ನ ಗುರುತು ಅವನ ನಗೆಯಲ್ಲಿಲ್ಲ. ಪರಿಚಯವಾದ ಹೊಸತರಲ್ಲೇ, ಡಾರ್ಸಿ ತನಗೆ ಮೋಸ ಮಾಡಿದ ಎಂಬ ಕಥೆಯನ್ನು ಎಲಿಜಬೆತ್‌ಳ ಮುಂದೆ ಬಿಚ್ಚುತ್ತಾನೆ. ಡಾರ್ಸಿಯನ್ನು ಎದುರಿಸಲು ತಾನೇನು ಹೆದರುವುದಿಲ್ಲ ಎಂದವನು ನೃತ್ಯಕೂಟದ ದಿನ ನಾಪತ್ತೆ. ಡಾರ್ಸಿ ಊರು ಬಿಟ್ಟ ಮೇಲೆ ಅದೇ ಕಥೆ ಊರಿಗೆಲ್ಲ ಹರಡುತ್ತದೆ. ಮಿಸ್ ಕಿಂಗ್ ಎಂಬವಳಿಗೆ 10,000 ಪೌಂಡ್ ಬಂತೆಂದು ತಿಳಿದದ್ದೇ ತಡ, ಅವನ ಒಲವು ಅತ್ತ ವಾಲುತ್ತದೆ. ಇವೆಲ್ಲ ಎಲಿಜಬೆತ್‌ಳ ಕಣ್ಣೆದುರಿಗೇ ಇದ್ದವು. ಡಾರ್ಸಿಯ ಮೇಲಿನ ಸಿಟ್ಟಿನಲ್ಲಿ ಅವಳು ಅವನ್ನು ಕೂಡಿಸಿ ನೋಡಲಿಲ್ಲ, ಅಷ್ಟೇ. ಗದಗಿನವರ ಬಗ್ಗೆ ಇಂಥ ಒಂದು ಸಂಗತಿಯನ್ನೂ ನೀವು ಬರೆದಿಲ್ಲ.

ಅವರ ಮಾತಿನಲ್ಲಿ ನನಗೆ ಕಾಣಿಸುವುದು ಡಾರ್ಸಿಯ ಗೆಳೆಯ ಬಿಂಗ್ಲಿ. ಗೆಳತಿಯರ ಕೂಟಗಳಲ್ಲಿ ಬಿಂಗ್ಲಿಯನ್ನು ಯಾರೂ ಶಂಕಿಸುವುದಿಲ್ಲ. ಒಳ್ಳೆಯವನು, ಉದಾರಿ, ಎಲಿಜಬೆತ್‌ಳ ಅಕ್ಕ ಜೇನ್‌ಳನ್ನು ನಿಜವಾಗಿಯೂ ಪ್ರೀತಿಸಿದವನು. ಆದರೆ ನಿನ್ನ ಮೇಲೆ ಆಕೆಗೆ ಮನಸ್ಸಿಲ್ಲ ಎಂದು ಗೆಳೆಯನೂ ಅಕ್ಕತಂಗಿಯರೂ ಹೇಳಿದರೆಂದು ಲಂಡನ್ನಿಗೆ ಹೋಗಿ ಕುಳಿತ. ಹೌದೋ ಅಲ್ಲವೋ ಎಂದು ಒಮ್ಮೆ ಜೇನ್‌ಳನ್ನೇ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಅವಳು ಇಡೀ ಚಳಿಗಾಲ ನೊಂದಳು. ನಮ್ಮ ಕಡೆಯ ಕೂಡು ಕುಟುಂಬಗಳಲ್ಲಿ ಸೊಸೆಯಂದಿರು ಕಣ್ಣೀರು ಹಾಕುವುದು ಕೆಟ್ಟ ಗಂಡಂದಿರಿಂದಷ್ಟೇ ಅಲ್ಲ. ಒಳ್ಳೆಯವನಾಗಿದ್ದೂ ಮನೆಯವರೆದುರು ಬಾಯಿ ತೆರೆಯದವನ ಹೆಂಡತಿಯ ಕಷ್ಟ ಹೊರಗೆ ಯಾರಿಗೂ ಕಾಣುವುದೂ ಇಲ್ಲ. ನಿಮ್ಮ ನೌಕರಿಯ ಪ್ರಶ್ನೆಗೆ ಅವರ ಅಣ್ಣ ಮತ್ತು ವೈನಿ ಉತ್ತರ ಹೇಳುವುದಾದರೆ, ನಾಳೆ ನಿಮ್ಮ ಪಗಾರಕ್ಕೆ, ತವರಿಗೆ ಹೋಗಿಬರುವುದಕ್ಕೆ, ಹುಟ್ಟುವ ಮಗುವಿಗೆ ಯಾರು ಉತ್ತರ ಹೇಳುತ್ತಾರೆ?

ಹಾಗೆಂದು ಒಂದೇ ಮಾತಿಗೆ ಅವರನ್ನು ತಳ್ಳಿಹಾಕುವುದೂ ಬೇಡ. ಹಿರಿಯರೆದುರು ಸಂಕೋಚದಿಂದ ಹಾಗೆಂದಿರಬಹುದು. ಇನ್ನೊಮ್ಮೆ ಭೇಟಿಯಾಗಬೇಕು ಎಂದು ಕೇಳಿ. ಸಾಧನಕೇರಿಯ ಕೆರೆದಂಡೆಯಾಗಲಿ, ನಿಮ್ಮದೇ ಮನೆಯ ಮಾಳಿಗೆಯಾಗಲಿ, ಹಿರಿಯರು ಪಕ್ಕದಲ್ಲಿರದಿದ್ದರೆ ಸಾಕು. ‘ನಿಮ್ಮ ಅಭಿಪ್ರಾಯ ಏನು’ ಎಂದು ನೇರವಾಗಿ ಕೇಳಿ, ಅವರು ಯೋಚಿಸಿ ಹೇಳಲು ಸಮಯ ಕೊಡಿ. ಕೊಡುಕೊಳ್ಳುವ ಮಾತು ಬಂದರೆ ಅವರು ಏನು ಹೇಳುತ್ತಾರೆ ಎಂಬುದನ್ನೂ ಗಮನಿಸಿ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯ ಪ್ರಕಾರ ಅಪರಾಧ ಎಂದು ಅಣ್ಣನ ಎದುರಿಗೇ ಹೇಳಬಲ್ಲ ಹುಡುಗ ಬಿಂಗ್ಲಿಗಿಂತ ಮೇಲು.

ಹಾವೇರಿಯವರ ಬಗ್ಗೆ ನೀವು ಕೊನೆಗೆ ಬರೆದ ಸಂಗತಿ ನನಗೆ ದೊಡ್ಡದಾಗಿ ಕಂಡಿತು. ಸೋದರಮಾವನನ್ನು ತಡೆದದ್ದು, ನಿಮ್ಮ ಬೇಡ ಎಂಬ ಮಾತಿಗೆ ಬೆಲೆ ಕೊಟ್ಟದ್ದು. ಮೊಬೈಲ್ ನೋಡುತ್ತ ಕುಳಿತದ್ದು ಅಸಭ್ಯತೆಯೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಪಗಾರದ ಪ್ರಶ್ನೆ ತಾತ್ಸಾರದ್ದೋ, ಖಾಸಗಿ ಶಾಲೆಗಳು ಶಿಕ್ಷಕರಿಗೆ ಎಷ್ಟು ಕಡಿಮೆ ಕೊಡುತ್ತವೆ ಎಂಬ ಕಳಕಳಿಯದ್ದೋ, ಇಲ್ಲಿ ಕುಳಿತು ಹೇಳಲಾರೆ. ಡಾರ್ಸಿಯ ಮನೆ ಪೆಂಬರ್ಲಿಯಲ್ಲಿ ಎಲಿಜಬೆತ್‌ಳ ಮನಸ್ಸು ತಿರುಗಿದ್ದು ಆ ಭವನದ ವೈಭವದಿಂದ ಮಾತ್ರವಲ್ಲ. ಡಾರ್ಸಿಯನ್ನು ನಾಲ್ಕು ವರ್ಷದ ಹುಡುಗನಾಗಿದ್ದಾಗಿನಿಂದ ಬಲ್ಲ ಮನೆವಾರ್ತೆಯ ಹೆಂಗಸು, ಅವನು ತನಗೆ ಎಂದೂ ಒಂದು ಕಟುಮಾತು ಆಡಿಲ್ಲ ಎಂದಳು. ಅಂಥ ಸಾಕ್ಷಿ ಹುಡುಕಿ. ಅವರ ಕಚೇರಿಯ ಜವಾನರು, ಬಾಡಿಗೆ ಮನೆಯ ಮಾಲೀಕರು, ಮದುವೆಯಾಗಿ ಹೋದ ಅಕ್ಕನೋ ತಂಗಿಯೋ ಇದ್ದರೆ ಅವರು, ಇವರ ಬಳಿ ವಿಚಾರಿಸಲು ನಿಮ್ಮ ಅಪ್ಪನನ್ನೋ ಕಾಕಾನನ್ನೋ ಕಳಿಸಿ. ಕೇಳಿಬಂದದ್ದು ಒಳ್ಳೆಯದಾಗಿದ್ದು, ನಿಮ್ಮ ಮನಸ್ಸೂ ಒಪ್ಪಿದರೆ ಮಾತ್ರ ನಿಮ್ಮ ಕಡೆಯಿಂದ ಹೇಳಿ ಕಳಿಸಿ. ಅವರು ತಾವಾಗಿ ಮತ್ತೆ ಕೇಳಲಿ ಎಂದು ಕಾಯಬೇಡಿ. ಕೇಳದಿರುವುದೇ ಅವರ ಮರ್ಯಾದೆ.

ಇಬ್ಬರೂ ಬೇಡ ಎನಿಸಿದರೆ ಇಬ್ಬರಿಗೂ ಬೇಡ ಎನ್ನಿ. ಈ ವಿಚಾರಣೆ ಮುಗಿಯುವವರೆಗೆ ಗದಗಿನವರನ್ನು ಕತ್ತಲಲ್ಲಿಡಬೇಡಿ. ಇನ್ನೊಂದು ಸಂಬಂಧದ ಬಗ್ಗೆಯೂ ವಿಚಾರಿಸುತ್ತಿದ್ದೇವೆ ಎಂದು ಈ ವಾರವೇ ಮಧ್ಯಸ್ಥರ ಮೂಲಕ ಅವರಿಗೆ ತಿಳಿಸಿ.